ಮಂಡಿಗೆ ಅಂಟಿಸುವ ಪಟ್ಟಿ ಏನು ಮಾಡುತ್ತದೆ?

ಮಂಡಿ ಸವೆದಿದೆ ಎಂದು ವೈದ್ಯರು ಹೇಳಿದ ಮೇಲೆ ಅನೇಕರು ನೋವಿನ ಭಯಕ್ಕೆ ನಡೆಯುವುದನ್ನೇ ಬಿಡುತ್ತಾರೆ. ನಡೆಯದಿದ್ದರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಮೆಟ್ಟಿಲಿಳಿಯುವಾಗ ಕೀಲಿಗೆ ಆಸರೆಯಾಗಬೇಕಾದದ್ದು ಅದೇ ಸ್ನಾಯುವಾದ್ದರಿಂದ ನೋವು ಇನ್ನಷ್ಟು ಹೆಚ್ಚುತ್ತದೆ. ಫಿಸಿಯೋಥೆರಪಿಸ್ಟರು ಮಂಡಿಗೆ ಅಂಟಿಸುವ ಬಣ್ಣದ ಹಿಗ್ಗುವ ಪಟ್ಟಿಯ ಪ್ರಯೋಜನವನ್ನು ಈ ವಿಷವರ್ತುಲದ ಒಳಗಿಟ್ಟೇ ಅಳೆಯಬೇಕು.

ಕೈನೀಸಿಯೋ ಟೇಪ್ ಎನ್ನುವ ಈ ಪಟ್ಟಿಯನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೈರೋಪ್ರಾಕ್ಟರ್ (ಬೆನ್ನೆಲುಬು, ಕೀಲುಗಳಿಗೆ ಕೈಯಿಂದ ಚಿಕಿತ್ಸೆ ನೀಡುವವರು) ಕೆಂಜೋ ಕಾಸೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳ ಮೈಮೇಲೆ ಕಾಣಿಸಿಕೊಂಡ ಬಳಿಕ ಅದು ಮನೆಮಾತಾಯಿತು. ಹಿಗ್ಗುವ ಹತ್ತಿಬಟ್ಟೆ, ಹಿಂಬದಿಗೆ ಅಕ್ರಿಲಿಕ್ ಅಂಟು, ಇಷ್ಟೇ. ಅದರಲ್ಲಿ ಔಷಧಿಯೇನೂ ಇರುವುದಿಲ್ಲ.

ಅಂಟಿಸುವುದು ನಾಜೂಕಿನ ಕೆಲಸ. ಎಣ್ಣೆ, ಬೆವರು ಉಳಿಯದಂತೆ ಚರ್ಮವನ್ನು ಒರೆಸಿ, ಬೇಗ ಏಳದಿರಲೆಂದು ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸುತ್ತಾರೆ. ಬುಡವನ್ನು ತೊಡೆಯ ಮೇಲೆ ಎಳೆಯದೆ ಅಂಟಿಸಿ, ಮಂಡಿ ಮಡಿಸಲು ಹೇಳಿ, ಸೀಳಿದ ಎರಡು ಬಾಲಗಳನ್ನು ತುಸು ಎಳೆದು ಮಂಡಿಚಿಪ್ಪಿನ ಎಡಬಲಕ್ಕೆ ಬಳಸಿ ತಂದು, ತುದಿಗಳನ್ನು ಮತ್ತೆ ಎಳೆಯದೆ ಒತ್ತುತ್ತಾರೆ. ಅಂಗೈಯಿಂದ ಉಜ್ಜಿದರೆ ಆ ಬಿಸಿಗೆ ಅಂಟು ಹಿಡಿಯುತ್ತದೆ. ಸ್ನಾನ ಮಾಡಿದರೂ ಮೂರು-ನಾಲ್ಕು ದಿನ ನಿಲ್ಲುತ್ತದೆ. ಗಾಯ, ಸೋಂಕು ಇರುವಲ್ಲಿ ಇದನ್ನು ಹಚ್ಚಬಾರದು. ತುರಿಕೆ ಶುರುವಾದರೆ ಎಣ್ಣೆ ಸವರಿ, ಕೂದಲು ಬೆಳೆದ ದಿಕ್ಕಿಗೆ ನಿಧಾನವಾಗಿ ಬಿಡಿಸಬೇಕು.

ಪಟ್ಟಿ ಚರ್ಮವನ್ನು ಮೇಲೆತ್ತಿ ರಕ್ತಸಂಚಾರವನ್ನು ಹೆಚ್ಚಿಸುತ್ತದೆ ಎಂಬ ವಿವರಣೆ ಹಳೆಯದು, ಆದರೆ ಅದಕ್ಕೆ ಗಟ್ಟಿ ಆಧಾರವಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವುದು ನರಗಳ ಕಡೆಯ ವಿವರಣೆ. ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳನ್ನು ತಡೆಯಬಲ್ಲವು. ಪೆಟ್ಟು ಬಿದ್ದ ಜಾಗವನ್ನು ನಾವು ತಕ್ಷಣ ಉಜ್ಜಿಕೊಳ್ಳುವಾಗ ಸಿಗುವ ಹಾಯೂ ಅಂಥದ್ದೇ.

ಎಳೆಯದೆ ಅಂಟಿಸಿದ ಹುಸಿ ಪಟ್ಟಿಯೊಂದಿಗೆ ಹೋಲಿಸಿದ ಅಧ್ಯಯನಗಳ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಲಾಭ ಕಂಡಲ್ಲಿಯೂ ಅದು ಹೆಚ್ಚಾಗಿ ಸಣ್ಣದು, ಅಲ್ಪಾವಧಿಯದು. ಅಮೆರಿಕದ ಸಂಧಿವಾತ ತಜ್ಞರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2019ರ ಮಾರ್ಗಸೂಚಿಯಲ್ಲಿ ಪಟ್ಟಿಯನ್ನು ಷರತ್ತಿನೊಂದಿಗೆ ಸೂಚಿಸಿದ್ದರೆ, ವ್ಯಾಯಾಮವನ್ನೂ ತೂಕ ಹೆಚ್ಚಿರುವವರಿಗೆ ತೂಕ ಇಳಿಸುವುದನ್ನೂ ಬಲವಾಗಿ ಶಿಫಾರಸು ಮಾಡಿದೆ. ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ, ಸವೆದ ಮೃದ್ವಸ್ಥಿಯನ್ನು ಯಾವ ಪಟ್ಟಿಯೂ ಬೆಳೆಸಲಾರದು. ಹಾಗಿದ್ದೂ, ನೋವು ಒಂದಿಷ್ಟು ತಗ್ಗಿದ ಆ ಮೂರು-ನಾಲ್ಕು ದಿನಗಳಲ್ಲಿ ಕುರ್ಚಿಯ ಮೇಲೆ ಕೂತು, ಕಾಲನ್ನು ಮುಂದಕ್ಕೆ ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಇಳಿಸುವ ಅಭ್ಯಾಸ ಶುರುವಾದರೆ, ಪಟ್ಟಿ ಕಿತ್ತ ಮೇಲೂ ಮಂಡಿಗೆ ಆಸರೆಯಾಗುವ ಸ್ನಾಯು ಬಲಗೊಳ್ಳತೊಡಗುತ್ತದೆ.