ತೊಗರಿಗೆ ಒಂದು ಲೆಕ್ಕ, ಷೇರಿಗೆ ಇನ್ನೊಂದು

ದರ ಏರಿತು ಅಂತ ಜನರಿಗೆ ಹುಮ್ಮಸ್ಸೋ, ಜನರಿಗೆ ಹುಮ್ಮಸ್ಸು ಬಂತು ಅಂತ ದರ ಏರಿತೋ? ಕಲಬುರಗಿಯ ಧಾನ್ಯದ ಪೇಟೆ ಗಂಜಿನಲ್ಲಿ ಕೇಳಿದರೆ ಮೊದಲನೆಯದೇ ಸರಿ ಅನ್ನುತ್ತಾರೆ. ಅಮೆರಿಕದ ಷೇರುಪೇಟೆ ವಿಶ್ಲೇಷಕ ರಾಬರ್ಟ್ ಪ್ರೆಕ್ಟರ್ ಎರಡನೆಯದನ್ನು ಹಿಡಿದವರು. ಸಮೂಹದ ಮನಸ್ಥಿತಿ ತಾನಾಗಿಯೇ ಏರಿಳಿಯುತ್ತದೆ, ಷೇರುಪೇಟೆ ಅದನ್ನು ಬೇಗ ತೋರಿಸುತ್ತದೆ, ರಾಜಕೀಯ, ಫ್ಯಾಷನ್ ಎಲ್ಲ ಆಮೇಲೆ ಎಂಬುದು ಅವರ ‘ಸೋಷಿಯೊನಾಮಿಕ್ಸ್’. ಏರಿಳಿತಕ್ಕೆ 1930ರ ದಶಕದ ರಾಲ್ಫ್ ಎಲಿಯಟ್ ಅವರ ಅಲೆಗಳೇ ಆಧಾರ. ಷೇರು ದರ ಅಲೆಯಂತೆ ಸಾಗುತ್ತದೆ ಎಂಬುದು ಅವರ ಎಣಿಕೆ: ಐದು ಮುಂದಕ್ಕೆ, ಮೂರು ಹಿಂದಕ್ಕೆ.

ಗಂಜಿನವರೂ ತಪ್ಪಲ್ಲ. ತೊಗರಿಯಲ್ಲಿ ದರ ಮೊದಲು, ಜನರ ನಡೆ ಆಮೇಲೆ. ತೊಗರಿಬೇಳೆ ತುಟ್ಟಿಯಾದರೆ ಮನೆಯಲ್ಲಿ ಬೇಳೆ ತೆಳ್ಳಗಾಗುತ್ತದೆ, ಬೇಡಿಕೆ ಇಳಿಯುತ್ತದೆ. ಷೇರು ತುಟ್ಟಿಯಾದಷ್ಟೂ ಕೊಳ್ಳುವವರು ಹೆಚ್ಚುತ್ತಾರೆ. ತಮ್ಮ ಸಿದ್ಧಾಂತ ಷೇರಿನಂಥ ಪೇಟೆಗೆ ಮಾತ್ರ ಎಂದು ಪ್ರೆಕ್ಟರ್ ಅವರೇ ಗೆರೆ ಎಳೆದಿದ್ದಾರೆ. ಆದರೆ ಇನ್ನೂ ಏರುತ್ತದೆಂದು ತೊಗರಿಯನ್ನೂ ಗೋದಾಮಿನಲ್ಲಿ ತಡೆದಿಟ್ಟರೆ ಆ ಗೆರೆ ಅಳಿಸಿಹೋಗುತ್ತದೆ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆಯವರಿಗೆ 5 ಟನ್ ದಾಸ್ತಾನು ಮಿತಿ ಹಾಕಿದ್ದು ಇಂಥ ಹೊತ್ತಿನಲ್ಲೇ.

ಸಿದ್ಧಾಂತದ ದೊಡ್ಡ ತೊಂದರೆ ಅಲೆ ಎಣಿಕೆ. ಲೆಕ್ಕ ತಪ್ಪಿದರೆ ಹೊಸದಾಗಿ ಎಣಿಸಬಹುದು. ಹಾಗಾಗಿ ಸುಳ್ಳೆಂದು ತೋರಿಸುವ ದಾರಿಯೇ ಇಲ್ಲ. 1995ರಲ್ಲಿ ಪ್ರೆಕ್ಟರ್ ಭಾರೀ ಕುಸಿತ ಕಾಯುತ್ತಿದ್ದರು. ಆಗ 4,000ದ ಆಸುಪಾಸಿನಲ್ಲಿದ್ದ ಅಮೆರಿಕದ ಷೇರು ಸೂಚ್ಯಂಕ ಡೌ ಜೋನ್ಸ್ 2000ದ ಹೊತ್ತಿಗೆ 11,000 ದಾಟಿತ್ತು. ಟ್ವಿಟರ್ ಮಾತಿನ ಮೂಡಿನಿಂದ ಡೌ ದಿಕ್ಕನ್ನು ಶೇ 87.6ರಷ್ಟು ಸಲ ಸರಿಯಾಗಿ ಹೇಳಬಹುದೆಂದ 2010ರ ಅಧ್ಯಯನವೂ ದೊಡ್ಡ ಸುದ್ದಿಯಾಯಿತು. ಅದರ ಪರೀಕ್ಷೆ ನಡೆದದ್ದು 2008ರ ಡಿಸೆಂಬರ್‌ನ ಮೂರು ವಾರ ಮಾತ್ರ! ಅಷ್ಟು ಚಿಕ್ಕ ಅವಧಿಯನ್ನು ನಂಬಿ ದುಡ್ಡು ಹಾಕಲಾಗದು.

ಅಳೆಯಲೇಬೇಕೆಂದರೆ ಇಂಡಿಯಾ ವಿಕ್ಸ್ ಇದೆ. ನಿಫ್ಟಿ ಆಪ್ಶನ್ (ನಿಗದಿತ ದರಕ್ಕೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕು) ದರಗಳಿಂದ ಮುಂದಿನ 30 ದಿನದ ಏರುಪೇರನ್ನು ವಾರ್ಷಿಕ ಶೇಕಡಾವಾರಿನಲ್ಲಿ ಹೇಳುತ್ತದೆ. ತಿಂಗಳಿಗೆ ಇಳಿಸಲು 3.46ರಿಂದ (12ರ ವರ್ಗಮೂಲ) ಭಾಗಿಸಿ: ವಿಕ್ಸ್ 15 ಇದ್ದರೆ ಸುಮಾರು ಶೇ 4.3, ಮೇಲಕ್ಕೋ ಕೆಳಕ್ಕೋ. ಸರಿಸುಮಾರು ಮೂರರಲ್ಲಿ ಎರಡು ಸಲ ಏರುಪೇರು ಅದರೊಳಗೆ ಇರುತ್ತದೆಂಬ ಅಂದಾಜು, ಅಷ್ಟೇ. ದಿಕ್ಕು ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಇದು 80 ದಾಟಿದಾಗ ಭಯ ತುತ್ತತುದಿಯಲ್ಲಿತ್ತು, ನಿಫ್ಟಿಯ ತಳವೂ ಅದೇ ವಾರ. ತಳ ಇದೇ ಎಂದು ಹೇಳುವ ಗೆರೆ ಮಾತ್ರ ಆ ಚಾರ್ಟಿನಲ್ಲಿ ಇರಲಿಲ್ಲ.

ಹಾಗಾಗಿ ಮೂಡು ನೋಡಿ ಒಳಗೆ ಹೊರಗೆ ಓಡಾಡುವುದು ಬೇಡ, ಪ್ರಮಾಣ ನೋಡಿ. ಹೂಡಿಕೆಯಲ್ಲಿ ಷೇರಿಗೆ ಶೇ 60 ಎಂದು ಬರೆದಿಟ್ಟು, 65 ದಾಟಿದರೆ ಹೆಚ್ಚಿನದನ್ನು ಎಫ್‌ಡಿಗೆ ತಿರುಗಿಸಿ, 55ಕ್ಕೆ ಇಳಿದರೆ ಅಲ್ಲಿಂದ ತನ್ನಿ. ಮಾರುವಾಗ ತೆರಿಗೆ ಬೀಳುತ್ತದೆ. ಆದ್ದರಿಂದ ಮೊದಲು ಹೊಸ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಹಣವನ್ನೇ ಪ್ರಮಾಣ ಕಡಿಮೆಯಾದ ಕಡೆ ಹೊರಳಿಸುವುದು ಲೇಸು.