ಮೊದಲಿಗರಲ್ಲದಿದ್ದರೂ ಫ್ಲಿಪ್ ವಿಲ್ಸನ್‌ಗೆ ಯಾಕೆ ಅಷ್ಟು ಹೆಸರು?

ಓದುಗರ ಪ್ರಶ್ನೆ: ಅಮೆರಿಕದ ಟೀವಿಯಲ್ಲಿ ಕಪ್ಪು ಹಾಸ್ಯಗಾರ ಫ್ಲಿಪ್ ವಿಲ್ಸನ್‌ಗಿಂತ ಮುಂಚೆಯೇ ಕಪ್ಪು ಕಲಾವಿದರು ತಮ್ಮದೇ ಶೋ ನಡೆಸಿದ್ದರು ಅಲ್ವಾ? ಮತ್ತೆ ‘ದಿ ಫ್ಲಿಪ್ ವಿಲ್ಸನ್ ಶೋ’ ಬಗ್ಗೆಯೇ ಯಾಕೆ ಇಷ್ಟು ಮಾತು?

ನಿಜ, ನಡೆಸಿದ್ದರು. ಆದರೆ ಯಾರನ್ನೂ ನೆಲೆಯೂರಲು ಬಿಡಲಿಲ್ಲ. 1956ರಲ್ಲಿ ಗಾಯಕ ನ್ಯಾಟ್ ಕಿಂಗ್ ಕೋಲ್ ಎನ್‌ಬಿಸಿ ಚಾನೆಲ್‌ನಲ್ಲಿ ಶೋ ಶುರು ಮಾಡಿದರು. ಅವರ ದನಿ ಆಗಲೇ ಮನೆಮಾತಾಗಿತ್ತು. ಆದರೂ ದೇಶದುದ್ದಕ್ಕೂ ಜಾಹೀರಾತು ಕೊಡಲು ಒಂದು ದೊಡ್ಡ ಕಂಪನಿಯೂ ಮುಂದೆ ಬರಲಿಲ್ಲ. ಕಪ್ಪು ಮನುಷ್ಯನ ಶೋಗೆ ದುಡ್ಡು ಹಾಕಿದರೆ ದಕ್ಷಿಣದ ರಾಜ್ಯಗಳ ಬಿಳಿಯರು ತಮ್ಮ ಸಾಮಾನು ಕೊಳ್ಳೋದನ್ನೇ ಬಿಟ್ಟಾರು ಅನ್ನೋ ಭಯ. ಒಂದು ವರ್ಷ ದಾಟುತ್ತಿದ್ದಂತೆ ಶೋ ನಿಂತಿತು. 1966ರಲ್ಲಿ ಸ್ಯಾಮಿ ಡೇವಿಸ್ ಜೂನಿಯರ್, 1969ರಲ್ಲಿ ಲೆಸ್ಲಿ ಅಗಮ್ಸ್ ಬಂದರು. ಇಬ್ಬರದೂ ಕೆಲವೇ ತಿಂಗಳು.

ನಗೆ, ಹಾಡು, ಅತಿಥಿಗಳು ಎಲ್ಲ ಬೆರೆತ ಫ್ಲಿಪ್ ಶೋ ಶುರುವಾಗಿದ್ದು 1970ರ ಸೆಪ್ಟೆಂಬರ್ 17ಕ್ಕೆ, ಅದೂ ಎನ್‌ಬಿಸಿಯಲ್ಲೇ. ಮೊದಲ ಎರಡು ಸೀಸನ್‌ನಲ್ಲೂ ಇಡೀ ದೇಶದಲ್ಲಿ ಅತಿ ಹೆಚ್ಚು ಜನ ನೋಡಿದ ಎರಡನೇ ಕಾರ್ಯಕ್ರಮ ಅದು. ಬಿಳಿಯರ ಮನೆಗಳಲ್ಲೂ ಗುರುವಾರ ರಾತ್ರಿ ಅದನ್ನೇ ಹಾಕಿಕೊಂಡು ಕೂರದಿದ್ದರೆ ಅಲ್ಲಿಗೆ ಮುಟ್ಟೋಕೆ ಸಾಧ್ಯವೇ ಇರಲಿಲ್ಲ. 1971ರಲ್ಲಿ ಟೀವಿ ಕಾರ್ಯಕ್ರಮಗಳಿಗೆ ಕೊಡೋ ಎಮ್ಮಿ ಪ್ರಶಸ್ತಿ ಎರಡು, 1972ರ ಜನವರಿಯಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಫ್ಲಿಪ್. ಆಮೇಲೆ ಅದೇ ಗುರುವಾರ ಎದುರಾಳಿ ಚಾನೆಲ್ ಸಿಬಿಎಸ್‌ನಲ್ಲಿ ‘ದಿ ವಾಲ್ಟನ್ಸ್’ ಅನ್ನೋ ಧಾರಾವಾಹಿ ಬಂತು, ನೋಡುಗರು ಕಡಿಮೆಯಾದರು. 1974ರಲ್ಲಿ ಶೋ ಮುಗಿಯಿತು.

ನನಗೆ ಜಾಸ್ತಿ ಇಷ್ಟವಾಗೋದು ಅದರ ವೇದಿಕೆ. ನಡುವೆ ಒಂದು ದುಂಡನೆಯ ಪುಟ್ಟ ಜಗಲಿ, ಸುತ್ತಲೂ ಜನ. ದೊಡ್ಡ ಸೆಟ್ಟಿಲ್ಲ, ಆಡಂಬರವಿಲ್ಲ. ನಮ್ಮ ಬಯಲಾಟ ನೋಡಿದವರಿಗೆ ಆ ಹತ್ತಿರದ ಸುಖ ಗೊತ್ತು. ಬಂದ ಅತಿಥಿಗೆ ಫ್ಲಿಪ್ ಸುಮ್ನೆ ಕೈ ಕುಲುಕೋದಿಲ್ಲ. ಅಂಗೈಗೆ ಅಂಗೈ ಬಡಿದು, ಮೊಣಕೈ ತಾಗಿಸಿ, ಕೊನೆಗೆ ಸೊಂಟಕ್ಕೆ ಸೊಂಟ ಡಿಕ್ಕಿ! ಬಿಳಿಯರಾಗಲಿ ಕರಿಯರಾಗಲಿ, ಅತಿಥಿಗಳಿಗೆ ಅಲ್ಲಿ ಸ್ವಾಗತ ಅದೇ.

ಇನ್ನು ಜೆರಾಲ್ಡೀನ್. ಗಿಡ್ಡ ಫ್ರಾಕು, ವಿಗ್ಗು ಹಾಕಿಕೊಂಡು ಫ್ಲಿಪ್ ತಾವೇ ಆಡುತ್ತಿದ್ದ ಹೆಣ್ಣು ಪಾತ್ರ. ತಪ್ಪು ಮಾಡಿ ಸಿಕ್ಕಿಬಿದ್ದರೆ ‘ಸೈತಾನ ಮಾಡಿಸಿದ’ ಅನ್ನುತ್ತಾಳೆ. ಯಾರಾದರೂ ಮೇಲಿಂದ ಕೆಳಗೆ ನೋಡಿದರೆ ‘ವಾಟ್ ಯೂ ಸೀ ಈಸ್ ವಾಟ್ ಯೂ ಗೆಟ್’, ಅಂದರೆ ‘ಕಣ್ಣಿಗೆ ಕಾಣ್ತಿರೋದೇ ಕೈಗೆ ಸಿಗೋದು’ ಅಂತ ಎದೆ ಸೆಟೆಸಿ ನಿಲ್ಲುತ್ತಾಳೆ. ಫ್ಲಿಪ್ ರಾಜಕೀಯ ಮುಟ್ಟಲಿಲ್ಲ, ಕಪ್ಪು ಜನರ ಬಗ್ಗೆ ಇದ್ದ ಹಳೆಯ ಅಚ್ಚನ್ನೇ ಮತ್ತೆ ಒತ್ತಿದರು ಅಂತ ಆಗಲೇ ದೂರಿದವರಿದ್ದರು, ಅವರಲ್ಲಿ ಕಪ್ಪು ಜನರೂ ಇದ್ದರು. ಆ ನೋವನ್ನು ನಾನು ತಳ್ಳಿಹಾಕಲಾರೆ. ಆದರೆ ಜೆರಾಲ್ಡೀನ್‌ಳನ್ನು ನೋಡಿ. ಯಾರಿಗೂ ತಲೆ ಬಗ್ಗಿಸೋದಿಲ್ಲ, ಯಾರ ಹಂಗಿಗೂ ಕಾಯೋದಿಲ್ಲ. ಹಳೆಯ ಸಿನಿಮಾಗಳಲ್ಲಿ ಕಪ್ಪು ಹೆಂಗಸಿಗೆ ಸಿಗುತ್ತಿದ್ದುದು ಮನೆಗೆಲಸದವಳ ಪಾತ್ರವೇ ಹೆಚ್ಚು. ಇವಳು ಅತಿಥಿಯ ಎದುರು ಕಾಲು ಮೇಲೆ ಕಾಲು ಹಾಕಿಕೊಂಡು ಕೂರುತ್ತಾಳೆ.

ಅವಳ ಆ ಎರಡನೇ ಮಾತು ಕಂಪ್ಯೂಟರಿನವರ ಬಾಯಿಗೂ ಬಿತ್ತು. ಪರದೆಯಲ್ಲಿ ಕಂಡ ಹಾಗೇ ಕಾಗದದಲ್ಲೂ ಅಚ್ಚಾಗುವ ಸಾಫ್ಟ್‌ವೇರ್‌ಗೆ ‘ವಿಸಿವಿಗ್’ ಅಂತಾರಲ್ಲ, ಅದು ಅದೇ ಇಂಗ್ಲಿಷ್ ಮಾತಿನ ಮೊದಲಕ್ಷರಗಳು (WYSIWYG).