ಹಲ್ಲುಗಳಲ್ಲಿ ಉಳಿದ ಮೂವತ್ತು ವರ್ಷಗಳ ಯುದ್ಧ

2007ರಲ್ಲಿ ಜರ್ಮನಿಯ ವಿಟ್‌ಸ್ಟಾಕ್ ಊರಿನ ಹತ್ತಿರ ಮರಳು ತೆಗೆಯುವಾಗ ಮನುಷ್ಯರ ಮೂಳೆಗಳು ಸಿಕ್ಕವು. ಜೋಪಾನವಾಗಿ ಅಗೆದು ನೋಡಿದರೆ, ಒಂದೇ ಗುಂಡಿಯಲ್ಲಿ ಸುಮಾರು 125 ಗಂಡಸರು. ಎಲ್ಲರೂ 1636ರ ಅಕ್ಟೋಬರ್ 4ರಂದು ಅಲ್ಲಿ ನಡೆದ ಕಾಳಗದಲ್ಲಿ ಸತ್ತವರು.

ಆ ಕಾಳಗ ಮೂವತ್ತು ವರ್ಷಗಳ ಯುದ್ಧ ಎಂಬ ದೊಡ್ಡ ಯುದ್ಧದ ಭಾಗ. 1618ರಲ್ಲಿ ಪ್ರಾಗ್‌ನ ಪ್ರಾಟೆಸ್ಟಂಟ್ ಮುಖಂಡರು ಕ್ಯಾಥೊಲಿಕ್ ಚಕ್ರವರ್ತಿಯ ಅಧಿಕಾರಿಗಳನ್ನು ಅರಮನೆಯ ಕಿಟಕಿಯಿಂದ ಹೊರಗೆ ಎಸೆದರು. ಅಲ್ಲಿ ಹೊತ್ತಿದ ಬೆಂಕಿ ಆರಿದ್ದು 1648ರಲ್ಲಿ. ಶುರುವಾಗಿದ್ದು ಈ ಎರಡು ಕ್ರೈಸ್ತ ಪಂಗಡಗಳ ಧರ್ಮದ ಜಗಳವಾಗಿ. ಆದರೆ 1635ರಲ್ಲಿ ಕ್ಯಾಥೊಲಿಕ್ ಫ್ರಾನ್ಸ್ ಪ್ರಾಟೆಸ್ಟಂಟ್ ಸ್ವೀಡನ್ ಪಕ್ಕ ನಿಂತು ಕಾದಾಡಿತು. ಆಗ ಫ್ರಾನ್ಸಿನ ಮಂತ್ರಿಯಾಗಿದ್ದ ರಿಶೆಲ್ಯು ಸ್ವತಃ ಕ್ಯಾಥೊಲಿಕ್ ಚರ್ಚಿನ ಕಾರ್ಡಿನಲ್, ಅಂದರೆ ಹಿರಿಯ ಧರ್ಮಗುರು!

ಹಾಗಾದರೆ ಗುಂಡಿಯಲ್ಲಿದ್ದವರು ಯಾರು? ಉತ್ತರ ಸಿಕ್ಕಿದ್ದು ಹಲ್ಲುಗಳಲ್ಲಿ. ಬಂಡೆಯಲ್ಲಿರುವ ಸ್ಟ್ರಾನ್ಷಿಯಂ ಎಂಬ ಲೋಹ ಮಣ್ಣಿಗೆ, ನೀರಿಗೆ, ಕಾಳಿಗೆ ಬಂದು, ನಾವು ತಿಂದಾಗ ಹಲ್ಲು ಸೇರುತ್ತದೆ. ಅದರಲ್ಲಿ ತೂಕ ಬೇರೆ ಬೇರೆಯಾದ ಪರಮಾಣುಗಳಿವೆ. ಅವು ಯಾವ ಪ್ರಮಾಣದಲ್ಲಿ ಬೆರೆತಿವೆ ಎಂಬುದು ಊರಿನ ಬಂಡೆಯನ್ನು ಅವಲಂಬಿಸಿರುತ್ತದೆ. ಹಲ್ಲಿನ ಎನಾಮೆಲ್, ಅಂದರೆ ಗಟ್ಟಿ ಹೊರಪದರ, ಬಾಲ್ಯದಲ್ಲಿ ಒಮ್ಮೆ ಕಟ್ಟಿಕೊಂಡರೆ ಆಮೇಲೆ ಬದಲಾಗುವುದಿಲ್ಲ. ಅಂದರೆ ಹುಟ್ಟೂರಿನ ಗುರುತು ಸಾಯುವವರೆಗೂ, ಸತ್ತ ಮೇಲೂ ಬಾಯಲ್ಲೇ ಇರುತ್ತದೆ. ಹೀಗೆ ಪರೀಕ್ಷಿಸಿದಾಗ ಕೆಲವರು ಸ್ಕಾಟ್ಲೆಂಡಿನವರು, ಕೆಲವರು ಸ್ವೀಡನ್, ಫಿನ್ಲೆಂಡ್ ಕಡೆಯವರು ಎಂದು ಗೊತ್ತಾಯಿತು. ಎಷ್ಟೋ ಜನರ ಮೂಳೆಗಳಲ್ಲಿ ಸರಿಯಾದ ಊಟವಿಲ್ಲದ ಬಾಲ್ಯದ ಗುರುತುಗಳೂ ಇದ್ದವು.

ಇವರು ಆಯುಧದಿಂದ ಸತ್ತವರು. ಆದರೆ ಆ ಯುದ್ಧದಲ್ಲಿ ಸತ್ತ ಲಕ್ಷಾಂತರ ಜನರಲ್ಲಿ ಹೆಚ್ಚಿನವರನ್ನು ಕೊಂದದ್ದು ಹಸಿವು ಮತ್ತು ರೋಗ. ಇದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ, ಅಲ್ವಾ? ಸೈನ್ಯಕ್ಕೆ ಸಂಬಳ ಸರಿಯಾಗಿ ಬರುತ್ತಿರಲಿಲ್ಲ. ಹೋದ ಊರಿನಲ್ಲೇ ದವಸ, ದನ, ಕುದುರೆ ಕಿತ್ತುಕೊಳ್ಳುತ್ತಿತ್ತು. ಬಿತ್ತನೆಗೆ ಇಟ್ಟ ಬೀಜವೂ ಹೋದರೆ ಮುಂದಿನ ವರ್ಷ ಹೊಲ ಬೀಳು. ಜನ ಹೆದರಿ ಕೋಟೆಯೊಳಗಿನ ಪಟ್ಟಣಗಳಿಗೆ ಓಡಿದರು. ಅಲ್ಲಿ ಒತ್ತೊತ್ತಾಗಿ ಇದ್ದಾಗ ಹೇನಿನಿಂದ ಟೈಫಸ್ ಎಂಬ ಜ್ವರ ಹಬ್ಬಿತು, ಪ್ಲೇಗೂ ಬಂತು. ವುರ್ಟೆಂಬರ್ಗ್, ಪೊಮೆರೇನಿಯಾದಂಥ ಕಡೆ ಅರ್ಧಕ್ಕಿಂತ ಹೆಚ್ಚು ಜನ ಇಲ್ಲವಾದರು. ಕೋಟೆ ಇದ್ದರೂ ಉಳಿಯುವ ಭರವಸೆ ಇರಲಿಲ್ಲ. 1631ರ ಮೇ ತಿಂಗಳಲ್ಲಿ ಮಾಗ್ಡೆಬರ್ಗ್ ನಗರಕ್ಕೆ ಸೈನ್ಯ ನುಗ್ಗಿದಾಗ ಸುಮಾರು 20,000 ಜನ ಸತ್ತರು. ಬದುಕುಳಿದವರಲ್ಲಿ ಒಬ್ಬ ಎಂಜಿನಿಯರ್ ಒಟ್ಟೊ ಫಾನ್ ಗೆರಿಕೆ. ಮುಂದೆ ಗಾಳಿ ಹೊರತೆಗೆಯುವ ಪಂಪ್ ಮಾಡಿ ಗಾಳಿಯ ಒತ್ತಡ ಎಷ್ಟು ದೊಡ್ಡದೆಂದು ಲೋಕಕ್ಕೆ ತೋರಿಸಿದವನು ಇವನೇ. ಅವತ್ತು ಸತ್ತವರಲ್ಲಿ ಇನ್ನೆಂಥವರಿದ್ದರೋ ಎಂದು ನೆನೆದರೆ ಸಂಕಟವಾಗುತ್ತದೆ.

ವಿಟ್‌ಸ್ಟಾಕ್‌ನ ಗುಂಡಿಗೇ ಮತ್ತೆ ಬರುತ್ತೇನೆ. ಅಲ್ಲಿದ್ದ ಚಿಕ್ಕವರ ವಯಸ್ಸು ಸುಮಾರು 17. ಲೆಕ್ಕ ಹಾಕಿ ನೋಡಿ: ಪ್ರಾಗ್‌ನಲ್ಲಿ ಆ ಕಿಟಕಿ ತೆರೆದಾಗ ಅವರು ಇನ್ನೂ ಹುಟ್ಟಿರಲಿಲ್ಲ. ಅವರನ್ನು ಹೂತ ಮೇಲೂ ಯುದ್ಧ ಇನ್ನೂ 12 ವರ್ಷ ನಡೆಯಿತು.